ಪೋಪೆ, ಬರ್ಪೆ

ಮೊನ್ನೆ ಶಕ್ತಿನಗರದ ನಮ್ಮ ಫ್ಲಾಟಿನಲ್ಲಿ ಹಳೆಯ ಟ್ರಂಕ್ ತೆರೆದಾಗ ಅಡಿಯಲ್ಲಿ ಮಿಕ್ಸ್ಚರಿನ ಬಾಟಲಿಯೊಂದು ಸಿಕ್ಕಿತು. ಡೋಸಿನ ಗುರುತಿಗೆ ಅಂಟಿಸಿದ ಕಾಗದದ ಪಟ್ಟಿ ಅರ್ಧ ಉಳಿದಿತ್ತು. ಬಿರಡೆ ಕಿತ್ತೆ. ಔಷಧ ಆರಿ ಎಷ್ಟು ಕಾಲವಾಯಿತೋ, ಪೆಪ್ಪರ್‌ಮಿಂಟಿನ ಘಾಟು ಮಾತ್ರ ಹಾಗೇ ಇತ್ತು. ಕುಲಶೇಖರದಲ್ಲಿದ್ದ ಅಜ್ಜನ ಮನೆಗೆ ಇದೇ ವಾಸನೆ. ದೇವರ ಕೋಣೆಯ ಊದುಬತ್ತಿಯಾಗಲಿ, ಅಡುಗೆಮನೆಯಲ್ಲಿ ಕುದಿಯುವ ಬಂಗುಡೆ ಸಾರಾಗಲಿ ಅದನ್ನು ಸೋಲಿಸಿದ್ದಿಲ್ಲ. ಆ ಮನೆಯ ಗಾಳಿ ಈಗ ಉಳಿದಿರುವುದು ಇಷ್ಟೇ ಎನಿಸಿತು. ತಟ್ಟನೆ ಬಿರಡೆ ಮುಚ್ಚಿದೆ.

ಮನೆ ಕಟ್ಟಿಸಿದ್ದು ಅಜ್ಜನ ಅಪ್ಪ, ಬೇಸಾಯದವರು. ಹಿತ್ತಲಿನಲ್ಲೇ ಕೆಂಪುಕಲ್ಲು ಕಡಿಸಿ ಗೋಡೆ ಎಬ್ಬಿಸಿದರಂತೆ. ಕಲ್ಲು ತೆಗೆದ ಹೊಂಡದಲ್ಲಿ ಮಳೆನೀರು ನಿಂತು ಕೆರೆಯಾಯಿತು. ಮಗ ಡಾಕ್ಟರಾಗಿ ಬಂದ ಮೇಲೆ, ಭತ್ತ ರಾಶಿ ಹಾಕುತ್ತಿದ್ದ ಎದುರಿನ ಚಾವಡಿಯೇ ದವಾಖಾನೆ. ಗುಣವಾದವರು ಒಂದು ಸಸಿ ತಂದು ನೆಟ್ಟು ಹೋಗುತ್ತಿದ್ದರು. ಹಾಗಾಗಿ ನಮ್ಮ ಹಿತ್ತಲಿನ ಮರಗಳಿಗೆಲ್ಲ ರೋಗದ ಹೆಸರು. "ಟೈಫಾಯ್ಡ್ ಹಣ್ಣಾಗಿದೆ, ಕಾಮಾಲೆ ಇನ್ನೂ ಎಳತು" ಎಂದು ಅಜ್ಜಿ ಮಾವು ಹಲಸುಗಳ ಸುದ್ದಿ ಹೇಳಿದರೆ ಹೊಸ ನೆಂಟರು ಊಟದ ಎಲೆಯ ಮುಂದೆ ತಬ್ಬಿಬ್ಬಾಗುತ್ತಿದ್ದರು. ನಾವು ಮಕ್ಕಳು ಟೈಫಾಯ್ಡ್ ತಿಂದೇ ಬೆಳೆದವರು.

ನಮ್ಮ ಕಡೆ ಹೊರಡುವಾಗ ಯಾರೂ 'ಪೋಪೆ' ಎನ್ನುವುದಿಲ್ಲ. ತುಳುವಿನಲ್ಲಿ ಅದು 'ಹೋಗುತ್ತೇನೆ', ಅಪಶಕುನ. 'ಬರ್ಪೆ', ಅಂದರೆ 'ಬರುತ್ತೇನೆ' ಎಂದೇ ಹೊರಡಬೇಕು. ನಿಮ್ಮ ಮನೆಯಲ್ಲೂ ಹಾಗೆಯೇ ಇದ್ದೀತು. ಆದರೆ ಡಾಕ್ಟರ ಚಾವಡಿಗೆ ಮತ್ತೆ ಬರುವುದೆಂದರೆ ಮತ್ತೆ ಕಾಯಿಲೆ ಬಿದ್ದಂತೆ. ಗುಣವಾದವರು ಬಾಯಿತಪ್ಪಿ 'ಬರ್ಪೆ' ಎಂದರೆ ಅಜ್ಜ ಗದರುವರು: "ಎಂತ ಬರುದು? ಇಲ್ಲಿ ಎಂತ ಮದುವೆ ಉಂಟಾ? ಪೋಪೆ ಹೇಳಿ ಮಾರಾಯ್ರೆ!" ಅವರು ನಗುತ್ತಾ 'ಪೋಪೆ' ಎಂದು ಎದುರಿನ ಮೆಟ್ಟಿಲು ಇಳಿಯುತ್ತಿದ್ದರು. ಅಜ್ಜಿಗೆ ಆ ಶಬ್ದ ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಮನೆಮಂದಿಗೆಂದು ಅವರು ಹಿಂದಿನ ಬಾಗಿಲನ್ನು ಗೊತ್ತುಮಾಡಿದ್ದರು. ಅಲ್ಲಿ 'ಬರ್ಪೆ' ಎನ್ನದೆ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ. ರೋಗಿಗಳ ಮನೆಗೆ ಹೊರಡುವ ಅಜ್ಜ ಕೂಡ ಬ್ಯಾಗು ಹಿಡಿದು ಹಿಂದಿನಿಂದಲೇ, 'ಬರ್ಪೆ' ಎಂದೇ ಹೋಗಬೇಕು.

ಅಜ್ಜನಿಗೆ ಎದೆನೋವು ಬಂದ ದಿನ ಕಾರು ನಿಂತದ್ದು ಎದುರಿಗೆ. ಹಿಂದಿನ ದಾರಿಯಲ್ಲಿ ಕಾರು ಹಿಡಿಸುತ್ತಿರಲಿಲ್ಲ. ಅವರನ್ನು ಕುರ್ಚಿಯಲ್ಲೇ ಕೂರಿಸಿ ಹೊತ್ತರು. ಚಾವಡಿ ದಾಟುವಾಗ ಅಜ್ಜಿ ಕುರ್ಚಿಯ ಕೈ ಹಿಡಿದು ಪಕ್ಕದಲ್ಲೇ ನಡೆಯುತ್ತಾ, ಬರುತ್ತೇನೆ ಎನ್ನಿ ಎಂದು ಬೇಡುತ್ತಿದ್ದರು: "ಬರ್ಪೆ ಪನ್ಲೆ, ಬರ್ಪೆ ಪನ್ಲೆ." ಅಜ್ಜ ಕಣ್ಣು ಬಿಟ್ಟು ಬಾಗಿಲು ನೋಡಿದರು. ಜನ್ಮವಿಡೀ ಊರಿಗೆ ಕಲಿಸಿದ ಶಬ್ದವೇ ಬಾಯಿಗೆ ಬಂತು. "ಪೋಪೆ" ಎಂದರು. ಮತ್ತೆ ಮರಳಲಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಮೀನು ಮಾರುವ ಸೀತಕ್ಕ ಬಂದು ಅಜ್ಜಿಯ ಬಳಿ ಕೂತರು. ಸೀತಕ್ಕನ ಮಗನನ್ನು ಅಜ್ಜ ಟೈಫಾಯ್ಡಿನಿಂದ ಉಳಿಸಿದ್ದರು. ಆ ಮಾವಿನ ಸಸಿ ತಂದವರು ಅವರೇ. "ಗುಣ ಆದವರು ಅಲ್ವಾ ಅಮ್ಮ, ಇಲ್ಲಿ ಪೋಪೆ ಹೇಳುದು? ಡಾಕ್ಟ್ರಿಗೆ ಗುಣ ಆಯ್ತು" ಎಂದರು. ನಮಗೆಲ್ಲ ಅಳು ಒತ್ತರಿಸಿತು. ಅಜ್ಜಿ ಮಾತ್ರ, "ನನ್ನತ್ರ ಒಂದು ಬರ್ಪೆ ಹೇಳ್ಲಿಲ್ಲ ಅವರು" ಎಂದು ಗೋಡೆಗೆ ಮುಖ ತಿರುಗಿಸಿದರು. ಆಮೇಲೆ ಎದುರಿನ ಬಾಗಿಲನ್ನು ತೆರೆಯಲು ಬಿಡಲಿಲ್ಲ.

ವರ್ಷಗಳು ಕಳೆದು ಜಾಗ ಪಾಲಾಯಿತು, ಬಿಲ್ಡರ್ ಕೈಗೆ ಹೋಯಿತು. ಕೆರೆ ಮುಚ್ಚಿತು, ಮರಗಳು ಉರುಳಿದವು. ಅಲ್ಲಿದ್ದ ಚಿಕ್ಕಪ್ಪನ ಸಂಸಾರ ಬಿಜೈಗೆ ಮನೆ ಬದಲಿಸಿತು. ಅಜ್ಜಿಯನ್ನು ನಮ್ಮಲ್ಲಿಗೆ ಕರೆತರಲು ಕೊನೆಯ ದಿನ ನಾನು ಹೋಗಿದ್ದೆ. ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ನಡೆದೆ. ಅಜ್ಜಿ ಬರಲಿಲ್ಲ. ತಿರುಗಿ ನೋಡಿದರೆ ಚಾವಡಿಯ ತುಕ್ಕು ಹಿಡಿದ ಚಿಲಕವನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಇಬ್ಬರೂ ಸೇರಿ ಎಳೆದು ತೆರೆದೆವು. ಹೊಸ್ತಿಲು ದಾಟಿದ ಅಜ್ಜಿ ತಿರುಗಿ ನಿಂತು, ಅಜ್ಜನ ಕುರ್ಚಿ ಇರುತ್ತಿದ್ದ ಮೂಲೆಯ ಕಡೆಗೆ, ಅವರು ಅಲ್ಲೇ ಕೂತಿದ್ದಾರೇನೋ ಎಂಬಂತೆ ಗಟ್ಟಿಯಾಗಿ ಹೇಳಿದರು: "ಬರ್ಪೆ."

ಅಜ್ಜಿ ಆಡಿದ ಮಾತಿಗೆ ತಪ್ಪುವವರಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಅಜ್ಜನ ಬಳಿಗೆ ಹೊರಟರು.