ಅಪ್ಪಂದಿರಿಗೆ ಪುಸ್ತಕ ಕೊಟ್ಟ ಮಾಸ್ತರು

ಬೇಸಿಗೆ ರಜೆ ಬಂತೆಂದರೆ ಬೇರೆ ಮಾಸ್ತರರು ಹುಡುಗರಿಗೆ ಮಗ್ಗಿ ಬರೆಯಲು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಶ್ಯಾಮಾಚಾರ್ ಮಾಸ್ತರು ಅಭ್ಯಾಸ ಕೊಡುತ್ತಿದ್ದದ್ದು ನಮ್ಮ ಅಪ್ಪಂದಿರಿಗೆ! ಹಣೆಗೆ ಅಂಗಾರ ಅಕ್ಷತೆ, ಬಗಲಲ್ಲಿ ಪುಸ್ತಕದ ಗಂಟು. ರಾಯಚೂರಿನ ಆ ಸುಡುಬಿಸಿಲಲ್ಲಿ ಮನೆಮನೆಗೆ ಬಂದು, ಇಂಥವರು ಇಂಥದ್ದು ಓದಬೇಕೆಂದು ಹೇಳಿ ಕೊಟ್ಟುಹೋಗುವರು.

“ಸಾಲ್ಯಾಗ ಎಲ್ಲಾ ಉರ್ದು, ಅದು ನಿಜಾಮರ ಹುಕುಂ. ಮನ್ಯಾಗಾದ್ರೂ ಹುಡುಗರ ಕಿವಿಗೆ ಕನ್ನಡ ಬೀಳ್ಲಿ. ನೀವು ಓದ್ರಿ, ಅವು ಕೇಳ್ಲಿ,” ಎನ್ನುವರು. ಪುರುಸೊತ್ತಿಲ್ಲ ಎಂದ ವಕೀಲರೊಬ್ಬರಿಗೆ, “ಉಣ್ಲಿಕ್ಕೆ ಪುರುಸೊತ್ತು ಸಿಗ್ತದಲ್ರೀ?” ಎಂದು ಮುಖಕ್ಕೇ ಕೇಳಿದ್ದರು.

ನಮ್ಮಪ್ಪ ಹನುಮಪ್ಪ ಹತ್ತಿ ಗಿರಣಿಯಲ್ಲಿ ಹಮಾಲ. ಅವನಿಗೂ ಒಂದು ಕಥೆ ಪುಸ್ತಕ ಬಂತು. ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡ. ದಿನಾ ಸಂಜೆ ಮೈಗೆ ಹತ್ತಿದ ಅರಳೆ ತೊಳೆದುಕೊಂಡು ಬಂದು, ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚುವನು. ಏನು ಕಥೆಗಳವು! ಕುಂಟ ಎತ್ತೊಂದು ತಹಶೀಲ್ ಕಚೇರಿಗೆ ಹೋಗಿ ಪಟೇಲನ ಮೇಲೆ ಫಿರ್ಯಾದಿ ಕೊಡುವ ಕಥೆಯಂತೂ ರಜೆ ಮುಗಿದರೂ ಮುಗಿಯಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನಗುತ್ತಿದ್ದಳು.

ಸಾಲೆ ಶುರುವಾದ ದಿನ ಮಾಸ್ತರು ಪುಸ್ತಕಗಳನ್ನು ವಾಪಸು ತರಿಸಿ, ಒಬ್ಬೊಬ್ಬರಿಂದ ಕಥೆ ಕೇಳಿದರು. ನಾನು ಎದೆಯುಬ್ಬಿಸಿ ಕುಂಟೆತ್ತಿನ ಕಥೆ ಶುರುಮಾಡಿದೆ.

“ಲೇ, ಇದರಾಗ ಎತ್ತು ಎಲ್ಲಿಂದ ಬಂತೋ? ನಿಮ್ಮಪ್ಪ ಎಲ್ಲಿ ಓದಿದ, ತೋರ್ಸು.”

ನಾನು ಪುಸ್ತಕದ ಹಿಂದಿನ ರಟ್ಟು ತೆಗೆದು ತೋರಿಸಿದೆ. ನಾವು ಕಲಿಯುತ್ತಿದ್ದ ಉರ್ದು ಪುಸ್ತಕಗಳನ್ನು ಆ ಕಡೆಯಿಂದಲೇ ತೆರೆಯುವುದು. ಕನ್ನಡ ಅಕ್ಷರ ಕಾಣದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಪ್ಪನೂ ನನ್ನ ಪುಸ್ತಕ ನೋಡಿಯೇ ಹಾಗೆ ಬಿಚ್ಚಿರಬೇಕು, ಪಾಪ.

ಮಾಸ್ತರು ಘೊಳ್ಳೆಂದು ನಕ್ಕರು. “ಹಿಂದಿನಿಂದ ಮುಂದಕ್ಕ ಓದ್ಯಾನಲ್ಲೋ!” ಇಡೀ ವರ್ಗ ನಕ್ಕಿತು. ಮರುಕ್ಷಣವೇ ಅವರಿಗೆ ವಿಷಯ ಹೊಳೆದು ಮುಖ ಇಳಿಯಿತು. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಹುಡುಗರ ಬಾಯಿಂದ ಹೊರಟ ಮಾತು ಗಿರಣಿ ಮುಟ್ಟಲು ಎಷ್ಟು ಹೊತ್ತು ಬೇಕು?

ಸಂಜೆ ಮಾಸ್ತರು ಮನೆಗೆ ಬಂದರು. ಯಾವಾಗಲೂ ಹೊರಗಿನ ಬೇವಿನ ಗಿಡದ ಕೆಳಗೇ ನಿಲ್ಲುತ್ತಿದ್ದ ಆ ಮಡಿವಂತ ಮನುಷ್ಯ, ಅವತ್ತು ಒಳಗೆ ಬಂದು ಬರಿ ನೆಲದ ಮೇಲೆ ಕೂತರು.

“ಹನುಮಪ್ಪಾ, ಓದ್ಲಿಕ್ಕೆ ಬರ್ತದೇನಂತ ನಾ ಮೊದಲೇ ಕೇಳಬೇಕಿತ್ತು. ನಂದು ದೊಡ್ಡ ತಪ್ಪಾತು.”

“ಕೇಳಿದ್ರೂ ಬರ್ತದ ಅಂತಿದ್ದೆ ಬಿಡ್ರಿ,” ಎಂದ ಅಪ್ಪ. ತಲೆ ಎತ್ತಲಿಲ್ಲ.

ಅವತ್ತಿನಿಂದ ಅಪ್ಪನ ಬಾಯಿಂದ ಕಥೆ ಹೊರಡಲಿಲ್ಲ. ನಾನು ಕಾಡಿದೆ, ಅವ್ವ ಕಾಡಿದಳು. “ನನಗ್ಯಾವ ಕಥಿ ಬರ್ತಾವಲೇ?” ಎಂದು ಹೊದ್ದು ಮಲಗಿಬಿಡುವನು. ಮಾಸ್ತರು ಮಾತ್ರ ಪ್ರತಿ ಬೇಸಿಗೆಗೂ ತಪ್ಪದೆ ಬಂದರು. ಪುಸ್ತಕ ಕೊಡುವ ಮೊದಲು ಎಲ್ಲ ಮನೆಗಳಲ್ಲೂ, “ಓದ್ಲಿಕ್ಕೆ ಬರದಿದ್ರ ಚಿಂತಿಲ್ಲ, ನಿಮಗ ಗೊತ್ತಿದ್ದ ಕಥಿ ಹೇಳ್ರಿ,” ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅಪ್ಪ ಏನಾದರೊಂದು ಕೆಲಸ ಹೇಳಿ ಎದ್ದುಹೋಗುತ್ತಿದ್ದ.

ಮುಂದೆ ಅವರಿಗೆ ದೇವದುರ್ಗಕ್ಕೆ ಬದಲಿಯಾಯಿತು. ಹೊರಡುವ ದಿನ ಬಸ್ಸಿಗೆ ಹೊತ್ತಾಗುತ್ತಿದ್ದರೂ ನನ್ನನ್ನು ಕರೆದುಕೊಂಡು ಗಿರಣಿಯ ಬಾಗಿಲಿಗೆ ಬಂದರು.

“ಅವತ್ತು ನಾ ಪೂರಾ ಕೇಳ್ಲಿಲ್ಲೋ. ಆ ಎತ್ತಿಗೆ ನ್ಯಾಯ ಸಿಕ್ತೇನು?”

“ಅಪ್ಪ ಅಲ್ಲೀತನಕ ಹೇಳಿಲ್ರಿ ಸರ. ಮುಂದಿನ ಬ್ಯಾಸಗಿಗೆ ಹೇಳ್ತೀನಿ ಅಂದಿದ್ದ.”

ಮಾಸ್ತರ ಕಣ್ಣು ತುಂಬಿ ಬಂದವು. “ಊರಿಗೆಲ್ಲಾ ಓದ್ರಿ ಓದ್ರಿ ಅಂತ ಹೇಳ್ಕೋತ ತಿರುಗಿ, ಹೇಳಾವನ ಬಾಯಿ ಮುಚ್ಚಿಸಿಬಿಟ್ಟೆನಲ್ಲೋ,” ಎಂದರು.

ಗಿರಣಿಯ ಸೀಟಿ ಕೂಗಿತು. ಅಂಗಳದ ಆ ತುದಿಯಲ್ಲಿ ಅಪ್ಪ ಕಂಡ. ಮಾಸ್ತರನ್ನು ನೋಡಿದ. ಹೆಗಲ ಮೇಲಿನ ವಸ್ತ್ರ ತಲೆಗೆಳೆದುಕೊಂಡು ಹಿಂದಿನ ಬಾಗಿಲ ಕಡೆ ಹೊರಳಿದ. ಮಾಸ್ತರೂ ನೋಡಿದರು.

“ಅಪ್ಪ ಇವತ್ತು ಕೆಲಸಕ್ಕ ಬಂದಿಲ್ಲ ಕಾಣ್ತದ್ರಿ,” ಎಂದೆ.

“ಹೂಂ, ಬಂದಿಲ್ಲ,” ಎಂದರು ಮಾಸ್ತರು.