ಡೆಕ್ ಕೆಳಗಿನ ಉಪ್ಪಿನ ಬಟ್ಟಲು

ದೂರದೇಶದ ಹೂಫ್‌ಡಾರ್ಪ್ ಊರಿನ ನಮ್ಮ ಮನೆಗೆ ಅತ್ತೆ ಮೈಸೂರಿನಿಂದ ಬಂದಿದ್ದರು. ಯುಗಾದಿಗೆ ವಾಪಸು ಹೋಗುವವರು, ಅಷ್ಟರಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ಅವರ ಸೂಟ್‌ಕೇಸು ಮಾತ್ರ ಕಟ್ಟಿದ್ದು ಕಟ್ಟಿದಂತೆಯೇ ಬಾಗಿಲ ಪಕ್ಕ ನಿಂತಿತು. ಉಡುವ ಸೀರೆಯನ್ನೂ ಅದರಿಂದಲೇ ತೆಗೆದು, ಒಗೆದು ಒಣಗಿಸಿ, ಮತ್ತೆ ಅದರೊಳಗೇ ಮಡಿಚಿಡುತ್ತಿದ್ದರು. ಬರುತ್ತಾ ಹೋಗುತ್ತಾ ನಾನು ಅದನ್ನು ಎಡವಿ ಬೈದುಕೊಳ್ಳುತ್ತಿದ್ದೆ.

ಅವರು ಮಲಗುತ್ತಿದ್ದದ್ದು ಹಾಲಿನ ಸೋಫಾದ ಮೇಲೆ. ನನ್ನ ಗಂಡನ ಆಫೀಸೂ ಅಲ್ಲೇ. ಮೀಟಿಂಗ್ ಶುರುವಾದರೆ ಅತ್ತೆ ಕೆಮ್ಮಲೂ ಹೆದರಿ ಅಡುಗೆಮನೆಯಲ್ಲಿ ಹೋಗಿ ನಿಲ್ಲುತ್ತಿದ್ದರು. ಮಗನ ಮನೆಯಲ್ಲೇ ನೆಂಟರ ಹಾಗೆ ಮುದುಡಿಕೊಳ್ಳುತ್ತಿದ್ದರು. ಮಹಡಿಯಲ್ಲೊಂದು ಪುಟ್ಟ ಕೋಣೆ ಇತ್ತು. ಆದರೆ ಅದರ ತುಂಬ ರಟ್ಟಿನ ಪೆಟ್ಟಿಗೆಗಳು, ಟೆಂಟು, ಮಗಳ ಹಳೇ ತೊಟ್ಟಿಲು.

"ಆ ರೂಮು ಖಾಲಿ ಮಾಡ್ಕೊಡ್ತೀವಿ ಅತ್ತೆ," ಎಂದೆ.

"ನಾನೇನು ಇಲ್ಲೇ ಠಿಕಾಣಿ ಹೂಡೋಕೆ ಬಂದಿದ್ದೀನೇನೇ? ಫ್ಲೈಟ್ ಬಿಟ್ಟ ತಕ್ಷಣ ಹೊರಡೋಳು. ನನಗೋಸ್ಕರ ಸಾಮಾನೆಲ್ಲ ಎಲ್ಲಿಗೆ ಎಸೀತೀರ?"

ನನ್ನ ಗಂಡನ ಕಣ್ಣು ಹಿತ್ತಿಲಿನ ಡೆಕ್, ಅಂದರೆ ಮರದ ಹಲಗೆಯ ಜಗಲಿಯ ಮೇಲೆ ಬಿತ್ತು. ನೆಲ ಹಿತ್ತಿಲಾಚೆಯ ಕಾಲುವೆಯ ಕಡೆ ಇಳಿದಿದ್ದರಿಂದ ಅದರ ಕೆಳಗೆ ಸೊಂಟದೆತ್ತರ ಜಾಗವಿತ್ತು. ಹಲಗೆಗಳ ಸಂದಿಯಿಂದ ಸುರಿಯುವ ಮಳೆನೀರು ತಡೆದರೆ ಸಾಮಾನೆಲ್ಲ ಅಲ್ಲಿಡಬಹುದಿತ್ತು. ಅವರು ಡೆಕ್ಕಿನ ಅಡಿಗೆ ಪ್ಲಾಸ್ಟಿಕ್ ಶೀಟುಗಳನ್ನು ಇಳಿಜಾರಾಗಿ ಹೊಡೆದು, ತುದಿಗೆ ನೀರು ಹರಿದುಹೋಗುವ ದೋಣಿ ಕಟ್ಟಿ, ಕೆಳಗೆ ಹಲಗೆ ಹಾಸಿದರು. ಒಂದು ಇರುವೆಯೂ ನುಸುಳದಂತೆ ಸುತ್ತ ಮುಚ್ಚಿ, ಯುದ್ಧ ಗೆದ್ದವರಂತೆ ಬಂದು ಕಾಫಿ ಕೇಳಿದರು.

"ಮೊದ್ಲು ಒಂದು ಬಟ್ಲಲ್ಲಿ ಕಲ್ಲುಪ್ಪು ಇಟ್ಟು ನೋಡೋ. ಉಪ್ಪು ಬೆವೆತರೆ ಸಾಮಾನು ಕೆಟ್ಟ ಹಾಗೇ," ಎಂದರು ಅತ್ತೆ.

ಮಾರನೆಯ ದಿನ ಉಪ್ಪು ನೀರಾಗಿತ್ತು. ಗಂಡನ ಮುಖ ನೋಡಿ ನಗು ತಡೆಯುವುದು ಕಷ್ಟವಾಯಿತು. ಮೇಲಿನ ನೀರನ್ನೇನೋ ತಡೆದಿದ್ದರು, ನೆಲದ ತೇವ ಹೊರಹೋಗಲು ದಾರಿಯೇ ಇರಲಿಲ್ಲ. ಗೊಣಗುತ್ತಲೇ ಎರಡು ಬದಿ ಬಿಚ್ಚಿ ಗಾಳಿಗೆ ಜಾಲರಿ ಹಾಕಿದರು, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು. ಆಮೇಲೆ ವಾರವೆಲ್ಲ ಅತ್ತೆಗೆ ಅದೇ ಕೆಲಸ. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಹೋಗಿ ಬಟ್ಟಲಿಗೆ ಬೆರಳಿಟ್ಟು, "ಇನ್ನೂ ಅಂಟ್ತಿದೆ ಕಣೋ," ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಅವರು ಗಟ್ಟಿಯಾಗಿ ಮಾತಾಡಿದ್ದು ಕೇಳಿ ನನಗೆ ಹಿತವಾಯಿತು.

ಜೋರು ಮಳೆ ಬಂದುಹೋದ ಒಂದು ಬೆಳಿಗ್ಗೆ ಉಪ್ಪು ಅವರ ಬೆರಳಿಗೆ ಅಂಟಲಿಲ್ಲ. ನಾವು ಪೆಟ್ಟಿಗೆ ಇಳಿಸಲು ಮಹಡಿ ಹತ್ತಿದೆವು. ಮೊದಲ ಪೆಟ್ಟಿಗೆ ಹೊತ್ತು ಕೆಳಗೆ ಬರುವಷ್ಟರಲ್ಲಿ ಸೋಫಾದ ಮೇಲೆ ಅತ್ತೆಯ ಸೀರೆಗಳೆಲ್ಲ ಒಟ್ಟಿದ್ದವು. ಅತ್ತೆ ಖಾಲಿ ಸೂಟ್‌ಕೇಸನ್ನು ಎಳೆದುಕೊಂಡು ಹಿತ್ತಿಲ ಬಾಗಿಲು ದಾಟುತ್ತಿದ್ದರು.

"ಇದನ್ನ ಒಳಗಡೆ, ಗೋಡೆ ಪಕ್ಕ ಇಡೋ," ಎಂದು ಮಗನಿಗೆ ಕೊಟ್ಟರು. "ಸದ್ಯಕ್ಕೆ ತೆಗೆಯೋದೇನೂ ಇಲ್ಲ."