ಎಡತೋಳಮ್ಮನ ಕೌದಿ

ಗಾರ್ಮೆಂಟ್ಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಎಡತೋಳಮ್ಮ ಎಂದು. ಇಪ್ಪತ್ತಾರು ವರ್ಷ ಅಂಗಿಗಳಿಗೆ ಎಡತೋಳು ಮಾತ್ರ ಕೂರಿಸಿದವಳಿಗೆ ಇನ್ನೇನು ಹೆಸರಿಡುತ್ತಾರೆ? ಬಲತೋಳಿನವಳು ಪಕ್ಕದ ಮಿಷನ್ನಿನಲ್ಲಿದ್ದಳು. ಇಡೀ ಅಂಗಿಯನ್ನು ಇಬ್ಬರೂ ಕಂಡದ್ದು ಪೇಟೆಯಲ್ಲಿ, ಕಂಡವರ ಮೈಮೇಲೆ. ಕೆಲಸ ಬಿಟ್ಟ ದಿನವೇ ಅವಳು ಮನೆಯ ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು. ಯಾರಾದರೂ ಒಂದು ಗುಂಡಿ ಹಾಕಿಕೊಡು ಎಂದರೂ ಮೈಯೆಲ್ಲ ಉರಿಯುತ್ತಿತ್ತು. ಒಂದು ಕಾಲದಲ್ಲಿ ಇದೇ ಹೊಲಿಗೆಗಾಗಿ ಊಟ ಬಿಟ್ಟ ಹುಡುಗಿ ಇವಳೇ ಎಂದರೆ ನಂಬಲು ಉಳಿದಿದ್ದವಳು ಅಕ್ಕ ಒಬ್ಬಳೇ.

ಆ ಅಕ್ಕ ಹಾಸಿಗೆ ಹಿಡಿದು, ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದಳು. ಸದಾ ಚಳಿ. ಅಂಗಡಿಯ ರಗ್ಗು ಹೊದಿಸಿದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ ಎನ್ನುತ್ತಿದ್ದಳು.

"ನನ್ನ ಹಳೇ ಬಟ್ಟೆ ಇದಾವಲ್ಲ, ಒಂದು ಕೌದಿ ಹೊಲಿದು ಕೊಡೇ," ಎಂದಳು ಒಂದು ಮಧ್ಯಾಹ್ನ.

ತಂಗಿ ಬಟ್ಟೆಗಂಟು ಎತ್ತಿಕೊಂಡಳು. ಬಾಗಿಲ ಬಳಿ ಅಕ್ಕನ ಮಗಳು ದನಿ ತಗ್ಗಿಸಿ, "ಚಿಕ್ಕಮ್ಮ, ಹೆಚ್ಚಂದ್ರೆ ಮೂರು ವಾರ ಅಂದಿದ್ದಾರೆ ಡಾಕ್ಟ್ರು. ಬೇಗ ಮುಗ್ಸಿಬಿಡಿ," ಎಂದಳು.

ಎಡತೋಳಮ್ಮನ ಕೈಗೆ ಅದೊಂದು ಕೆಲಸವೇ? ಮಿಷನ್ನಿನ ಮುಸುಕು ತೆಗೆದು, ರಟ್ಟಿನ ಅಳತೆ ಇಟ್ಟು ಬಟ್ಟೆಗಳನ್ನು ಕತ್ತರಿಸಿದಳು. ಜೇಬು, ತೇಪೆ, ಗುಂಡಿಪಟ್ಟಿ ಎಲ್ಲವನ್ನೂ ಕಾರ್ಖಾನೆಯ ಅಭ್ಯಾಸದಂತೆ ರಿಜೆಕ್ಟು ಎಂದು ಚೀಲಕ್ಕೆ ತುರುಕಿದಳು. ಎರಡೇ ದಿನಕ್ಕೆ ಕೌದಿ ಸಿದ್ಧ.

ಅಕ್ಕ ಅದನ್ನು ಸವರಿ ಸವರಿ ನೋಡಿದಳು. "ಚೆನ್ನಾಗಿದೆ ಕಣೇ. ಆದ್ರೆ ಯಾವ್ದು ಯಾವ ಬಟ್ಟೆ ಅಂತಾನೇ ಗೊತ್ತಾಗ್ತಿಲ್ಲ. ನಾನು ಪೋಸ್ಟಾಫೀಸಿನ ಕೆಲಸಕ್ಕೆ ಹಾಕ್ಕೊಂಡು ಹೋಗ್ತಿದ್ದ ಅಂಗಿ ಜೇಬೆಲ್ಲಿ?"

ತಂಗಿಯ ಮುಖ ಸಣ್ಣದಾಯಿತು. "ಬಿಚ್ಚಿ ಹೊಲೀತೀನಿ ಬಿಡು."

"ಹೊಲಿ, ಕಾಯ್ತೀನಿ. ನಂಗಿನ್ನೇನು ಘನಂದಾರಿ ಕೆಲಸ ಇದೆ?"

ಈ ಸಲ ಕೈಹೊಲಿಗೆ. ಕಿಟಕಿಯ ಬೆಳಕಿಗೆ ಕೂತು, ಶಾಯಿಕಲೆಯಿದ್ದ ನೀಲಿ ಜೇಬನ್ನು ರಿಜೆಕ್ಟು ಚೀಲದಿಂದ ತೆಗೆದು, ಹೊದ್ದಾಗ ಎದೆಯ ನೇರಕ್ಕೆ ಬರುವಂತೆ ಇಟ್ಟಳು. ಅಕ್ಕನೇ ಹಾಕಿಕೊಂಡಿದ್ದ ಸೊಟ್ಟ ತೇಪೆಗಳಿಗೂ ಜಾಗ ಸಿಕ್ಕಿತು. ಮೊದಮೊದಲು ಕೈ ಮಾತು ಕೇಳಲಿಲ್ಲ. ಮೂರನೆಯ ದಿನದ ಹೊತ್ತಿಗೆ ಅವಳಿಗೆ ಏನೋ ಆಯಿತು. ಸೂಜಿ ಬಟ್ಟೆಯೊಳಗಿಳಿದು ಮೇಲೆದ್ದಾಗ ಬೆರಳಿಗೆ ಸಿಗುವ ಆ ಸಣ್ಣ ಎಳೆತ! ಅದನ್ನು ಮರೆತು ಎಷ್ಟು ವರ್ಷವಾಗಿತ್ತು. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಐವತ್ತೆಂಟರ ಹೆಂಗಸು ಒಬ್ಬಳೇ ಕೂತು ಹಾಡು ಗುನುಗಿದಳು. ಮನಸ್ಸಿಗೆ ಬಾರದ ಹೊಲಿಗೆಸಾಲನ್ನು ಬಿಚ್ಚಿದಳು, ಮತ್ತೆ ಹಾಕಿದಳು, ಮತ್ತೂ ಬಿಚ್ಚಿದಳು. ದಿನಾ ಸಂಜೆ ಅಕ್ಕನ ಬಳಿ ಹೋಗಿ ನಾಳೆ, ನಾಡಿದ್ದು ಎಂದು ಬರುತ್ತಿದ್ದಳು. "ನಿನ್ನ ಮುಖಕ್ಕೆ ಕಳೆ ಬಂದಿದೆ ನೋಡು," ಎಂದು ಅಕ್ಕ ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಕೌದಿ ಮುಗಿಯುವುದು ಇವಳಿಗೇ ಬೇಡವಾಗಿತ್ತು.

ಹದಿನಾರನೆಯ ದಿನ ಬೆಳಿಗ್ಗೆ ಒಂದು ಅಂಚು ಮಾತ್ರ ಉಳಿದಿತ್ತು. ನೆಟ್ಟಗೇ ಇದ್ದ ಮೂಲೆಯೊಂದನ್ನು ಮೂರನೆಯ ಸಲ ಬಿಚ್ಚುತ್ತಿದ್ದಾಗ ಅಕ್ಕನ ಮಗಳ ಫೋನು ಬಂತು. ಬರೀ ಅಳು.

ದಾರ ಜೋತಾಡುತ್ತಿದ್ದ ಕೌದಿಯನ್ನು ಹೊತ್ತು ಓಡಿದಳು. ತಣ್ಣಗಾಗಿದ್ದ ಮೈಗೆ ಹೊದಿಸಿದಳು.

"ರಾತ್ರಿಯಿಂದ ಚಳಿ ಚಳಿ ಅಂತಿದ್ಲು ಚಿಕ್ಕಮ್ಮ. ರಗ್ಗು ಹೊದಿಸೋಕೆ ಹೋದ್ರೆ, ಬೇಡ, ಅವಳು ತರ್ತಾಳೆ ಅಂದ್ಲು."

ಅಕ್ಕನ ಮಗಳು ದೂರಿದ್ದಲ್ಲ, ಆದದ್ದನ್ನು ಹೇಳಿದಳು ಅಷ್ಟೆ. ದೂರಿದ್ದರೆ ಎಷ್ಟೋ ವಾಸಿಯಿತ್ತು.

ಇನ್ನು ಸೂಜಿ ಮುಟ್ಟಿದರೆ ಕೇಳಿ ಎಂದುಕೊಂಡಳು ಎಡತೋಳಮ್ಮ. ಒಂದು ವಾರ ಮುಟ್ಟಲೂ ಇಲ್ಲ. ಎಂಟನೆಯ ದಿನ ಕಿಟಕಿಯ ಬಳಿ ಕೂತು ಅಕ್ಕನ ಬಟ್ಟೆಗಳಲ್ಲಿ ಉಳಿದ ತುಂಡುಗಳನ್ನು ಮಡಿಲಿಗೆ ಸುರಿದುಕೊಂಡಳು. ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು, ಕಣ್ಣು ಅಷ್ಟು ತುಂಬಿತ್ತು. ಆದರೂ ಮೊದಲ ಹೊಲಿಗೆ ಬಿದ್ದಾಗ ಬೆರಳುಗಳಿಗೆ ಖುಷಿಯಾಯಿತು. ಅದನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ.